ಒಂದು ಚೀಟಿಯೂ ಬಿಡದೆ

ಸೋಮವಾರ, ಅಕ್ಟೋಬರ್ ೧೪
ಹೊಲಿಗೆ ಅಂಗಡಿಯಿಂದ

ನಮ್ಮ ಮೆಥೋಡಿಸ್ಟ್ ಸಭೆಯ ಮಾಜಿ ಆರ್ಗನ್ ವಾದಕಿಯವರಿಗೆ,

ವಂದನೆಗಳು. 'ಮಾಜಿ' ಎಂದು ಬರೆದು ಒಂದು ಸಲ ಓದಿಕೊಂಡೆ. ಹಿತವಾಯಿತು. ಇನ್ನೊಂದು ಸಲ ಓದಿಕೊಂಡೆ.

ನಿನಗೆ ಬಹುವಚನ ಹಚ್ಚಿಯೇ ಬರೆಯಬೇಕೆಂದು ಕೂತಿದ್ದೆ. ಆದರೆ ಮೂವತ್ತು ವರ್ಷ ಏಕವಚನದಲ್ಲಿ ಕರೆದ ನಾಲಿಗೆಯ ಚಾಳಿ ಕೈಗೂ ಹತ್ತಿದೆ. ಹಾಗಾಗಿ ಮರ್ಯಾದೆ ಆ ಮೊದಲ ಸಾಲಿಗೇ ಮುಗಿಯಿತು ಅಂದುಕೋ.

ನಿನ್ನೆ ಆರಾಧನೆ ಮುಗಿದ ಮೇಲೆ ನಿನಗೊಂದು ಗೋಡೆ ಗಡಿಯಾರ ಕೊಟ್ಟು ವಿಶ್ರಾಂತಿಗೆ ಕಳಿಸಿದೆವಲ್ಲ. ಸ್ತ್ರೀ ಸಮಾಜದ ಕಾರ್ಯದರ್ಶಿಯೆಂದು ಅಭಿನಂದನಾ ಪತ್ರ ಓದಿದವಳು ನಾನೇ. ಇಪ್ಪತ್ತಾರು ವರ್ಷ ಒಂದು ಭಾನುವಾರವೂ ತಪ್ಪಿಸದೆ ಸೇವೆ ಮಾಡಿದೆ ಎಂಬಲ್ಲಿಗೆ ಬಂದಾಗ ನನ್ನ ಗಂಟಲು ಕಟ್ಟಿತೆಂದು ಪಾಸ್ಟರ ಹೆಂಡತಿ ಓಡಿಹೋಗಿ ನೀರು ತಂದುಕೊಟ್ಟಳು. ಪಾಪ, ನಾನು ನಗು ತಡೆದುಕೊಳ್ಳುತ್ತಿದ್ದೆ. ನೀನು ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಬೆಂಚಿನಲ್ಲಿ ಕೂತಿದ್ದೆ. ಕೊನೆಯ ಕೀರ್ತನೆಗೆ ಡೆಂಟಿಸ್ಟರ ಸೊಸೆ ನಿನ್ನ ಆರ್ಗನ್ ಮುಂದೆ ಕೂತು ಎರಡು ಕಡೆ ತಪ್ಪು ಸ್ವರದ ಮನೆ ಒತ್ತಿದಳು. ನಿನ್ನ ಬಲಗಾಲು ನೆಲದ ಮೇಲೆ ಸುಮ್ಮನೆ ತಾಳ ತಿದ್ದುತ್ತಿತ್ತು. ಅದನ್ನೂ ನೋಡಿದೆ.

ಈಗ ವಿಷಯಕ್ಕೆ ಬರುತ್ತೇನೆ. ಆ ಸ್ಟೂಲಿನಿಂದ ನಿನ್ನನ್ನು ಎಬ್ಬಿಸಿದ್ದು ವಯಸ್ಸಲ್ಲ, ದೇವರ ಚಿತ್ತವಲ್ಲ, ಹೊಸ ಪಾಸ್ಟರೂ ಅಲ್ಲ. ನಾನು. ಹೊಡೆದವರು ಯಾರೆಂದು ತಿಳಿಯದೆ ಹೋದರೆ ಏಟು ಅರ್ಧ ದಂಡ. ಅದಕ್ಕೇ ಈ ಪತ್ರ.

ಯಾಕೆ ಎಂದು ಕೇಳುವಷ್ಟು ಮುಖ ನಿನಗಿರಲಾರದು. ಆದರೂ ನೆನಪು ಮಾಡಿಕೊಡುತ್ತೇನೆ. ಹೋದ ವರ್ಷ ಸೆಪ್ಟೆಂಬರಿನ ಮೊದಲ ಭಾನುವಾರ. ಪ್ರಭುಭೋಜನ ಮುಗಿದು ನಾವಿಬ್ಬರೇ ಚರ್ಚಿನ ಹಿಂದಿನ ಅಡುಗೆಕೋಣೆಯಲ್ಲಿ ದ್ರಾಕ್ಷಾರಸದ ಪುಟ್ಟ ಬಟ್ಟಲುಗಳನ್ನು ತೊಳೆಯುತ್ತಿದ್ದೆವು. ಎಂದಿನಂತೆ ತೊಳೆಯುವವಳು ನೀನು, ಒರೆಸುವವಳು ನಾನು. ಪಾಸ್ಟರುಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗಿ ಹೋಗುತ್ತಾರೆ, ಬಟ್ಟಲು ತೊಳೆಯುವವರಿಗೆ ವರ್ಗವಿಲ್ಲ ಎಂದು ನೀನೇ ನಗಾಡುತ್ತಿದ್ದೆ. ನಮಗೆ ಸೂಜಿ-ದಾರ ಎಂದು ಹೆಸರಿಟ್ಟ ಪಾಸ್ಟರು ಹೋಗಿ ಎಷ್ಟು ಕಾಲವಾಯಿತು. ನಾನು ಟೈಲರ್, ಗಿಡ್ಡಿ, ಮಾತು ಚೂಪು. ನೀನು ಉದ್ದ, ತೆಳ್ಳಗೆ, ನಾನು ಹೋದಲ್ಲಿಗೆ ಹಿಂದೆ ಬರುವವಳು.

ಅವತ್ತು ನಿನ್ನ ಕಿವಿಗೊಂದು ಗುಟ್ಟು ಹಾಕಿದೆ. ನನ್ನ ಮಗಳಿಗೆ ಹಾರ್ಡ್‌ವೇರ್ ಅಂಗಡಿಯವರ ಮಗನೊಂದಿಗೆ ನಿಶ್ಚಯವಾಗಿದ್ದು ಸಭೆಗೆಲ್ಲ ಗೊತ್ತಿತ್ತು. ಹದಿನಾಲ್ಕನೇ ವಯಸ್ಸಿನಿಂದ ಅವಳಿಗೆ ವರ್ಷಕ್ಕೆ ಎರಡು ಮೂರು ಸಲ ಮೂರ್ಛೆ ಬರುತ್ತದೆಂಬುದು ನಮ್ಮ ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಗಂಡಿನ ಮನೆಯವರಿಗೆ ಹೇಳಿಲ್ಲ, ಮಾತ್ರೆ ನುಂಗುವುದನ್ನು ಕಂಡು ಕೇಳಿದರೆ ಶಕ್ತಿಗೆ ಅನ್ನು ಎಂದು ಮಗಳಿಗೆ ಹೇಳಿಕೊಟ್ಟಿದ್ದೇನೆ ಎಂದೆ. ನೀನು ಕೈಯನ್ನು ನೀರೊಳಗೇ ಬಿಟ್ಟು ನನ್ನ ಮುಖ ನೋಡಿದೆ. "ಹೇಳಿಬಿಡೇ. ಆಮೇಲೆ ಗೊತ್ತಾದ್ರೆ ಆ ಮಗೂಗೇ ಕಷ್ಟ" ಎಂದೆ. ಮದುವೆಯಾದ ಮೇಲೆ ಎಲ್ಲ ತಾನಾಗಿಯೇ ಸರಿಹೋಗುತ್ತದೆ ಎಂದು ನಾನು ಮಾತು ಮುಗಿಸಿದೆ. ನಿನ್ನ ಹೊಟ್ಟೆಯಲ್ಲಿ ಹಾಕಿದ ಮಾತು ಅಲ್ಲೇ ಇರುತ್ತದೆಂದು ನಂಬಿದ್ದೆ.

ಸರಿಯಾಗಿ ಎರಡು ಬುಧವಾರ ಕಳೆಯಿತು. ಪ್ರಾರ್ಥನಾಕೂಟದಲ್ಲಿ ನೀನು ಎಂದಿನಂತೆ ಬಾಗಿಲ ಪಕ್ಕದ ಮರದ ಡಬ್ಬಿಯನ್ನು ತಂದು ಮೇಜಿನ ಮೇಲೆ ಸುರಿದೆ. ಹೆಸರಿಲ್ಲದ ಪ್ರಾರ್ಥನೆ-ಕೋರಿಕೆಯ ಚೀಟಿಗಳು. ಒಂದೊಂದಾಗಿ ಓದುವವಳು ನೀನು, ತಲೆಬಾಗಿಸಿ ಪ್ರಾರ್ಥಿಸುವವರು ನಾವು. ಮೂರನೆಯ ಚೀಟಿ ನನಗೆ ಬಾಯಿಪಾಠ. "ಮೂರ್ಛೆ ಬರುವ ಒಬ್ಬ ಮಗಳು ಮದುವೆಗೆ ನಿಂತಿದ್ದಾಳೆ. ಗಂಡಿನ ಮನೆಯವರಿಗೆ ಸತ್ಯ ತಿಳಿಯುವ ಹಾಗೆ ಪ್ರಾರ್ಥಿಸಿರಿ." ಆಗ ಸಭೆಯಲ್ಲಿ ಮದುವೆಗೆ ನಿಂತ ಮಗಳು ಒಬ್ಬಳೇ. ಹಾರ್ಡ್‌ವೇರ್ ಅಂಗಡಿಯವರ ಹೆಂಡತಿ ಮುಂದಿನ ಬೆಂಚಿನಿಂದ ಹಿಂತಿರುಗಿ ನನ್ನನ್ನು ನೋಡಿದಳು. ಗುರುವಾರ ಮಧ್ಯಾಹ್ನ ಪಾಸ್ಟರ ಹೆಂಡತಿ ಅವರು ಹಿಂದಿರುಗಿಸಿದ ನಿಶ್ಚಯದ ಉಂಗುರವನ್ನು ಕರವಸ್ತ್ರದಲ್ಲಿ ಸುತ್ತಿ ತಂದು ನನ್ನ ಹೊಲಿಗೆ ಮೆಷಿನ್ನಿನ ಮೇಲಿಟ್ಟು ಹೋದಳು.

ನಿನ್ನ ಮನೆ ಬಾಗಿಲಿಗೆ ಬಂದು ಕೇಳಿದೆ. "ಡಬ್ಬೀಲಿದ್ದದ್ದನ್ನ ಓದ್ದೆ" ಎಂದೆ ನೀನು, ಅಷ್ಟೇ. ಬರೆದವರು ಯಾರು ಎಂದರೆ ನಿನ್ನ ಚಪ್ಪಲಿ ನೋಡಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ, ನೀನು ಪಾದ ನೋಡಿಕೊಂಡೆ. ನಿನಗಲ್ಲದೆ ಇನ್ನಾರಿಗೆ ಗೊತ್ತಿತ್ತು? ಹೇಳಿಬಿಡು ಎಂದು ಉಪದೇಶ ಮಾಡಿದವಳು ಯಾರು? ನಾನು ಹೇಳಲಿಲ್ಲವೆಂದು ನೀನೇ ಬರೆದು, ನೀನೇ ಡಬ್ಬಿಗೆ ಹಾಕಿ, ನೀನೇ ಓದಿದೆ. ಆ ಬಾಗಿಲಲ್ಲೇ ನಿನಗೊಂದು ಗತಿ ಕಾಣಿಸುತ್ತೇನೆಂದು ತೀರ್ಮಾನಿಸಿದೆ.

ಮೊದಲನೆಯದು ಬಟ್ಟೆ. ಆರ್ಗನ್ನಿಗೆ ಹೊಸ ಹೊದಿಕೆ ಹೊಲಿದುಕೊಟ್ಟೆನಲ್ಲ, ಬಿಳಿ ಸ್ಯಾಟಿನ್, ಅಂಚಿಗೆ ಲೇಸು? ಎಂಥ ಸೇವಾಮನೋಭಾವ ಎಂದು ಪಾಸ್ಟರು ವೇದಿಕೆಯಿಂದಲೇ ಹೊಗಳಿದರು. ಅದು ನನ್ನ ಮಗಳ ಮದುವೆಯ ಗೌನು. ಒಂದು ತೋಳು, ಕೆಳಗಿನ ಮಡಿಕೆ ಬಿಟ್ಟರೆ ಹೊಲಿದು ಮುಗಿದಿತ್ತು. ಬಿಚ್ಚಿದೆ, ಕತ್ತರಿಸಿದೆ, ಹೊದಿಕೆ ಮಾಡಿದೆ. ಪ್ರತಿ ಭಾನುವಾರ ನೀನು ನಿನ್ನ ಕೈಯಾರೆ ಅದನ್ನು ಎತ್ತಿ, ಮಡಿಸಿ, ಮತ್ತೆ ಹೊದಿಸಬೇಕು ಎಂಬುದೇ ನನ್ನ ಆಸೆಯಾಗಿತ್ತು.

ಎರಡನೆಯದು ಚೀಟಿ. ಹಿಂದೊಮ್ಮೆ ಯಾವನೋ ಪಾಸ್ಟರು ತನಗೆ ಹಿಡಿಸದ ಚೀಟಿಯನ್ನು ಜೇಬಿಗಿಳಿಸಿದನೆಂದು ಗಲಾಟೆಯಾದಾಗ ನಾವು ಮಾಡಿದ ನಿರ್ಣಯ ನೆನಪಿರಬೇಕು. ಡಬ್ಬಿಗೆ ಬಿದ್ದ ಚೀಟಿ ಒಂದನ್ನೂ ಬಿಡದೆ, ಒಂದಕ್ಷರ ಬದಲಿಸದೆ ಓದತಕ್ಕದ್ದು. ಮಂಡಿಸಿದವಳು ನೀನು, ಅನುಮೋದಿಸಿದವಳು ನಾನು. ಆ ನಿರ್ಣಯಕ್ಕೇ ನಿನ್ನನ್ನು ಕಟ್ಟಿದೆ. ಎಡಗೈಯಲ್ಲಿ ಬರೆಯುವುದನ್ನು ವಾರಗಟ್ಟಲೆ ಅಭ್ಯಾಸ ಮಾಡಿದೆ. ಈ ವಯಸ್ಸಿನಲ್ಲಿ ಅಂಗನವಾಡಿ ಮಗುವಿನ ಹಾಗೆ ನಾಲಿಗೆ ಕಚ್ಚಿಕೊಂಡು ತಿದ್ದುತ್ತಿದ್ದೆ.

ನಮ್ಮ ಆರ್ಗನ್ ಅಕ್ಕನ ಬೆರಳುಗಳಿಗೆ ಬಲ ದೊರಕಲಿ ಎಂಬುದು ಮೊದಲ ಚೀಟಿ. ಅದರಲ್ಲಿ ಸುಳ್ಳೇನಿದೆ, ಯಾರ ಬೆರಳಿಗೆ ಬಲ ಬೇಡ? ಮುಂದಿನ ವಾರ, ಅಕ್ಕನ ನೆನಪು ಮಾಸದಿರಲಿ. ಆಮೇಲೆ ನನಗೇ ಬಹಳ ಹಿಡಿಸಿದ್ದು: ಅಕ್ಕ ತಮ್ಮ ಕಷ್ಟವನ್ನು ಯಾರಿಗೂ ಹೇಳಿಕೊಳ್ಳುತ್ತಿಲ್ಲ, ದೇವರೇ ನೋಡಿಕೊಳ್ಳಲಿ. ಇದಕ್ಕೆ ಉತ್ತರವೇ ಇಲ್ಲ. ಏನೂ ಕಷ್ಟವಿಲ್ಲ ಎಂದರೆ, ನೋಡಿ, ಹೇಳಿಕೊಳ್ಳುತ್ತಿಲ್ಲ ಎಂದಾಗುತ್ತದೆ. ಒಟ್ಟು ಮೂವತ್ತೆಂಟು ಚೀಟಿ. ನಿನ್ನ ಮೇಲಿನ ಚೀಟಿಯನ್ನು ನೀನೇ ಅದೇ ಸಮದನಿಯಲ್ಲಿ ಓದಿ, ಮಡಿಸಿ, ಕೀರ್ತನೆ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದೆ. ನಾನು ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅನ್ನುತ್ತಿದ್ದೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರೆ. ನನಗೆ ಹಾವು ಸಾಯಬೇಕಿತ್ತು, ಕೋಲಿನ ಮೇಲೆ ಗೀರು ಬೀಳಬಾರದಿತ್ತು. ನಮ್ಮ ಸಭೆಯವರು ಒಳ್ಳೆಯವರು, ಮಿಕ್ಕ ಕೆಲಸವನ್ನು ಅವರೇ ಮಾಡಿದರು. ನಿವೃತ್ತ ನರ್ಸಮ್ಮ ಬಾಗಿಲಲ್ಲೇ ನಿನ್ನ ನಾಡಿ ಹಿಡಿಯತೊಡಗಿದಳು. ಪುಟ ತಿರುಗಿಸಲು ಒಬ್ಬರು ಬಂದರು, ಮೆಟ್ಟಿಲು ಹತ್ತಿಸಲು ಇನ್ನೊಬ್ಬರು. ಬಟ್ಟಲು ಒಡೆದೀತೆಂದು ತೊಳೆಯುವುದನ್ನು ಬಿಡಿಸಿದರು. ರೋಗಿಗಳನ್ನು ಕಾಣಲು ಹೋಗುವವರ ಪಟ್ಟಿಯಿಂದ ನಿನ್ನ ಹೆಸರು ತೆಗೆದು, ಕಾಣಬೇಕಾದವರ ಪಟ್ಟಿಗೆ ಬರೆದವಳು ಮಾತ್ರ ನಾನೇ. ಗುರುವಾರ ಗುರುವಾರ ನಾಲ್ವರು ಹೆಂಗಸರು ನಿನ್ನ ಮುಂದಿನ ಕೋಣೆಯಲ್ಲಿ ಕೂತು ಹೇಗಿದ್ದೀರಿ ಎಂದು ಕೇಳುವರು. ಚೆನ್ನಾಗಿದ್ದೇನೆ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. ಬೈದರೆ ತಿರುಗಿ ಬೈಯಬಹುದು, ಮರುಕಕ್ಕೆ ಏನು ಮಾಡುತ್ತೀ?

ಮೊದಲು ನಿನ್ನ ಬೆರಳು ನಡುಗುತ್ತಿರಲಿಲ್ಲ. ಅದು ನನಗೆ ಗೊತ್ತು. ನೂರು ಕಣ್ಣು ನೆಟ್ಟ ಮೇಲೆ ಯಾರ ಬೆರಳಾದರೂ ನಡುಗುತ್ತದೆ. ಜುಲೈ ತಿಂಗಳಲ್ಲಿ ಒಂದು ಭಾನುವಾರ ಮೂರನೆಯ ಚರಣದ ನಡುವೆ ನಿನ್ನ ಕೈ ನಿಂತುಬಿಟ್ಟಿತು. ಸಭೆ ಆರ್ಗನ್ನಿಲ್ಲದೆಯೇ ಹಾಡಿ ಮುಗಿಸಿತು. ಆಮೇಲೆ ಪಾಸ್ಟರು ಬಹಳ ಮೃದುವಾಗಿ ವಿಶ್ರಾಂತಿಯ ಮಾತೆತ್ತಿದರು. ಉಳಿದದ್ದು ನಿನ್ನ ಗೋಡೆಯ ಮೇಲೆ ಟಿಕ್ ಟಿಕ್ ಅನ್ನುತ್ತಿದೆ.

ನನ್ನ ಮಗಳ ಸುದ್ದಿ ನಿನಗೆ ಬೇಡವಾಗಿರಬಹುದು, ಆದರೂ ಕೇಳು. ಮದುವೆ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ತಾನು ಪ್ರೂಫ್ ನೋಡುವ ಪ್ರೆಸ್ಸಿನಲ್ಲಿ ಎಲ್ಲರಿಗೂ ತನಗೆ ಮೂರ್ಛೆ ಬರುತ್ತದೆಂದು ಹೇಳಿ, ಬಂದರೆ ಏನು ಮಾಡಬೇಕೆಂದು ಗೋಡೆಗೆ ಬರೆದು ಅಂಟಿಸಿದ್ದಾಳಂತೆ. ಊರಿಗೇ ಗೊತ್ತಾದ ಮೇಲೆ ಇನ್ನೇನು ಎಂಬ ಹತಾಶೆ. ಶನಿವಾರ ಸಂಜೆ ಎಲ್ಲಿಗೋ ಹೋಗಿ ನಗುನಗುತ್ತಾ ಬರುತ್ತಾಳೆ. ನನ್ನೆದುರು ಧೈರ್ಯ ತೋರಿಸುತ್ತಾಳೆ, ಹೆತ್ತವಳಿಗೆ ಅಷ್ಟೂ ತಿಳಿಯದೆ? ಅದೆಲ್ಲವೂ ನಿನ್ನ ಪಾಪಕ್ಕೇ ಸೇರಲಿ.

ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ. ಕ್ಷಮೆ ಕೇಳುತ್ತಿಲ್ಲ, ನೀನೂ ಕೇಳಬೇಡ, ಕೊಡುವಷ್ಟು ನನ್ನಲ್ಲಿ ಉಳಿದಿಲ್ಲ.

ಇಂತಿ,
ಸ್ತ್ರೀ ಸಮಾಜದ ಕಾರ್ಯದರ್ಶಿ

ಮರೆತದ್ದು — ಮಂಗಳವಾರ ಬೆಳಿಗ್ಗೆ:

ನಿನ್ನೆ ಈ ಪತ್ರವನ್ನು ಮೆಷಿನ್ನಿನ ಮೇಲೆ ಬಿಟ್ಟು ಗಿರಾಕಿಯೊಬ್ಬಳ ಅಳತೆ ತೆಗೆದುಕೊಳ್ಳಲು ಒಳಗೆ ಹೋದೆ. ಬರುವಷ್ಟರಲ್ಲಿ ಮಗಳು ಪೂರ್ತಿ ಓದಿದ್ದಳು. ಕೆಲಸದ ಅಭ್ಯಾಸ ನೋಡು, ಪೆನ್ಸಿಲ್ ಹಿಡಿದು ಎರಡು ಕಾಗುಣಿತ ತಿದ್ದಿದ್ದಳು. ಆಮೇಲೆ ಪೆನ್ಸಿಲ್ ಕೆಳಗಿಟ್ಟು ಹೇಳಿದಳು, "ಆ ಚೀಟಿ ಬರ್ದಿದ್ದು ನಾನಮ್ಮ."

ನಾನು ನಂಬಲಿಲ್ಲ. ಅವಳು ಚೀಟಿಯ ಸಾಲನ್ನು ಒಂದಕ್ಷರ ತಪ್ಪದೆ ಹೇಳಿದಳು. ನಾನೂ ಬಾಯಿಪಾಠ ಮಾಡಿದ್ದೆನಲ್ಲ, ಆದರೆ ಬರೆದವರು ಹೇಳುವ ರೀತಿಯೇ ಬೇರೆ. ಬಾಯಿಬಿಟ್ಟು ಹೇಳಲು ನಾನು ಬಿಡಲಿಲ್ಲವೆಂದು ಡಬ್ಬಿಗೆ ಹಾಕಿದಳಂತೆ. "ನಂಗೆ ಫಿಟ್ಸ್ ಬಂದ್ರೆ ಏನು ಮಾಡ್ಬೇಕು ಅಂತ ಗೊತ್ತಿಲ್ಲದ ಮನೆಗೆ ನನ್ನ ಕಳಿಸ್ತಿದ್ದೆಯಲ್ಲ" ಎಂದಳು. 

ಸಂಡೇ ಸ್ಕೂಲಿನಲ್ಲಿ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನೀನು. ಚೀಟಿ ಬಿಚ್ಚಿದ ಕೂಡಲೇ ಅದು ಅವಳ ಕೈಬರಹವೆಂದು ನಿನಗೆ ಗೊತ್ತಾಗಿತ್ತು. ನಾನು ನಿನ್ನ ಬಾಗಿಲಲ್ಲಿ ಕೂಗಾಡಿ ಬಂದ ಮಾರನೇ ದಿನವೇ ಅವಳು ಅಲ್ಲಿಗೆ ಬಂದು, ಅಮ್ಮನಿಗೆ ಹೇಳಿಬಿಡುತ್ತೇನೆ ಎಂದಳಂತೆ. ನೀನು ಬೇಡವೆಂದೆಯಂತೆ. "ನಿಮ್ಮಮ್ಮಂಗೆ ಸಿಟ್ಟು ಮಾಡ್ಕೊಳ್ಳೋಕೆ ಈಗ ಯಾರಾದ್ರೂ ಬೇಕು. ನೀನು ಅವಳ ಜೊತೆ ಒಂದೇ ಮನೇಲಿ ಇರ್ಬೇಕು, ನಾನು ಎರಡು ಬೀದಿ ಆಚೆ ಇದ್ದೀನಿ." ಶನಿವಾರ ಶನಿವಾರ ಅವಳು ಹೋಗುತ್ತಿದ್ದುದು ನಿನ್ನ ಮನೆಗೆ. ಮೂವತ್ತೆಂಟೂ ಚೀಟಿಯನ್ನು ನೀನು ಕೀರ್ತನೆ ಪುಸ್ತಕದಲ್ಲಿ ಜೋಡಿಸಿಟ್ಟಿದ್ದೀಯಂತೆ. ಎಡಗೈಯಲ್ಲಿ ಬರೆದರೂ ಒತ್ತಕ್ಷರಕ್ಕೆ ಬಾಲ ಎಳೆಯುವುದು ಬಿಟ್ಟಿಲ್ಲ ನಿಮ್ಮಮ್ಮ ಎಂದು ನಕ್ಕೆಯಂತೆ. ಆ ಸ್ಯಾಟಿನ್ ಯಾವುದೆಂದೂ ನಿನಗೆ ಗೊತ್ತಿತ್ತಂತೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆ, ಅದೂ ವರ್ಷವಿಡೀ. ಆದರೆ ನಿನ್ನ ಮೇಲಿನ ಸಿಟ್ಟು ಹೋಗಿದೆ ಅಂದುಕೊಳ್ಳಬೇಡ. ಬರೆ ಬೀಳುತ್ತಿರುವುದು ಗೊತ್ತಿದ್ದೂ ಸುಮ್ಮನೆ ಬೆನ್ನು ಕೊಟ್ಟು ನಿಂತೆಯಲ್ಲ, ಅದಕ್ಕಿಂತ ದೊಡ್ಡ ಸೇಡನ್ನು ನನ್ನ ಮೇಲೆ ಯಾರೂ ತೀರಿಸಿಕೊಂಡಿಲ್ಲ. ಒಂದು ಮಾತು ಹೇಳಿದ್ದರೆ ನಿನ್ನ ಕೈ ನಿಲ್ಲುತ್ತಿರಲಿಲ್ಲ. ಜುಲೈನ ಆ ಭಾನುವಾರದಿಂದ ನನ್ನ ನಿದ್ದೆಯೂ ಅಷ್ಟಕ್ಕಷ್ಟೇ. ಮೇಲೆ ಬರೆದದ್ದು ಸುಳ್ಳು.

ಪತ್ರ ಹರಿದುಹಾಕಲು ಹೋದೆ. ಮಗಳು ಕೈ ಹಿಡಿದಳು. ಕಳಿಸಮ್ಮ, ಹೋದ ಚೀಟಿಗಳಲ್ಲಿ ಯಾರ ಹೆಸರೂ ಇರಲಿಲ್ಲ, ಇದರಲ್ಲಾದರೂ ನಿನ್ನ ಸಹಿ ಇದೆ ಎಂದಳು. ನೋಡಿದರೆ ಸಹಿಯಲ್ಲೂ ಬರೀ ಪದವಿ. ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ನಾಳೆ ಬುಧವಾರ. ಆರ್ಗನ್ ಬಿಡಿಸಿದರೂ ಚೀಟಿ ಓದುವುದನ್ನು ನಿನ್ನಿಂದ ಯಾರೂ ಬಿಡಿಸಿಲ್ಲ. ಈಗ ತಾನೇ ಹೋಗಿ ಡಬ್ಬಿಗೆ ಒಂದು ಹಾಕಿ ಬಂದೆ. ಬಲಗೈಯಲ್ಲಿ ಬರೆದದ್ದು, ಕೆಳಗೆ ಹೆಸರಿದೆ. ಮೂವತ್ತೆಂಟು ಚೀಟಿ ಯಾರವು, ಯಾಕೆ, ನಿನ್ನ ಬೆರಳಿಗೆ ಏನೂ ಆಗಿರಲಿಲ್ಲ ಎಂಬುದೆಲ್ಲ ಅದರಲ್ಲಿದೆ. ಮಗಳ ಚೀಟಿಯ ಮಾತಿಲ್ಲ, ಅದು ಅವಳದು. ಹಾರ್ಡ್‌ವೇರ್ ಅಂಗಡಿಯವರ ಹೆಂಡತಿ ಮುಂದಿನ ಬೆಂಚಿನಲ್ಲೇ ಕೂತಿರುತ್ತಾಳೆ. ಕನಿಕರ ಬಂದು ಜೇಬಿಗಿಳಿಸಬೇಡ. ನಿರ್ಣಯ ಮಂಡಿಸಿದವಳು ನೀನು, ಅನುಮೋದಿಸಿದವಳು ನಾನು. ಓದು.

ಸೂಜಿ