ಬೋಣಿಯಾಗದ ಯಂತ್ರ

ವಾಗ್ಳೆ ಎಸ್ಟೇಟ್, ಠಾಣೆ
14 ಡಿಸೆಂಬರ್ 2011, ಬುಧವಾರ

ಪ್ರೀತಿಯ ಯೋಗೀಶಣ್ಣನಿಗೆ,

ಹಾಸಿಗೆಯ ಬಳಿಗೇ ತಳ್ಳಿಕೊಂಡು ಬರಬಹುದಾದ ಎಕ್ಸ್‌ರೇ ಯಂತ್ರ ವಾರ್ಡಿನಲ್ಲೇ ಇತ್ತು. ಉದ್ಘಾಟನೆ ಆಗಿಲ್ಲವೆಂದು ಅದನ್ನು ಅಪ್ಪನ ಹತ್ತಿರ ತರಲಿಲ್ಲ. ಉಸಿರಿಗೆ ಒದ್ದಾಡುತ್ತಿದ್ದವರನ್ನು ಟ್ರಾಲಿಯಲ್ಲಿ ಹಾಕಿ ಕೆಳಗಿಳಿಸಿದರು. ಇದು ಅನ್ಯಾಯ. ಇದನ್ನು ಮೊದಲು ಬರೆದು ಆಮೇಲೆ ಕ್ಷೇಮ ಕೇಳುತ್ತಿದ್ದೇನೆ, ಬೇಸರಿಸಬೇಡ.

ಅತ್ತಿಗೆ ಹೇಗಿದ್ದಾರೆ? ಪ್ರಣೀತಾಳ ಕೆಮ್ಮು ಇಳಿಯಿತೇ? ಖಾರಘರದಲ್ಲಿ ನಿಮ್ಮ ಬಿಲ್ಡಿಂಗಿನ ಸುತ್ತ ಕಟ್ಟುವ ಕೆಲಸ ನಿಲ್ಲುವವರೆಗೆ ಮಗುವಿನ ಎದೆಗೆ ಆ ಧೂಳು ತಪ್ಪಿದ್ದಲ್ಲ. ಅಪ್ಪನ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ನೀವು ಹೊರಟಾಗ, ಎಲ್ಲ ವಿವರವಾಗಿ ತಿಳಿಸುತ್ತೇನೆ ಎಂದಿದ್ದೆ. ಇಷ್ಟು ತಡವಾಯಿತು, ಕ್ಷಮಿಸು. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀನು "ಛೋಡ್ ನಾ, ಸೌಜನ್ಯ" ಎಂದು ಮಾತು ತುಂಡರಿಸುತ್ತೀ. ಅಪ್ಪ ಕಲಿಸಿದ ಕನ್ನಡ ಅಕ್ಷರದಲ್ಲಿ ಬರೆದರೆ ನೀನು ಕೂಡಿಸಿಕೊಂಡು ನಿಧಾನಕ್ಕೆ ಓದಲೇಬೇಕು. ನಡುವೆ ನನ್ನ ಬಾಯಿ ಮುಚ್ಚಿಸಲಾರೆ.

ಆ ಯಂತ್ರ ನಮ್ಮ ಹೋಟೆಲಿನವರ ಸಂಘ ಕೊಟ್ಟದ್ದು. ಅಪ್ಪ ವಾರವಿಡೀ ದೋಸೆಕಲ್ಲಿನ ಮುಂದೆ ನಿಂತು, ರಜೆಯ ದಿನ ಕಲ್ಯಾಣ, ಡೊಂಬಿವ್ಲಿಯ ಹೋಟೆಲುಗಳ ಅಡುಗೆಮನೆ ಸುತ್ತಿ ವಂತಿಗೆ ಎತ್ತಿದ್ದು ನಿನಗೆ ಗೊತ್ತು. "ಏಳ್ಲಿಕ್ಕಾಗದವನ ಹತ್ರ ಮೆಷಿನೇ ಬರ್ತದೆ ಮಾರಾಯಾ" ಎಂದು ಪಾತ್ರೆ ತೊಳೆಯುವವರಿಗೂ ಹೇಳುತ್ತಿದ್ದರಂತೆ. ಗಣೇಶನ ಹಬ್ಬದ ಹೊತ್ತಿಗೆ ಯಂತ್ರ ಬಂತು. ಕಂಪೆನಿಯವರು ಓಡಿಸಿ ತೋರಿಸಿ ಹೋದರು. ಸಂಘದ ಅಧ್ಯಕ್ಷ ವಸಂತಕುಮಾರರು ಅದಕ್ಕೆ ಕೆಂಪು ರಿಬ್ಬನ್ ಕಟ್ಟಿಸಿ ಬೆಡ್‌ಶೀಟ್ ಹೊದಿಸಿದರು. ಆಸ್ಪತ್ರೆಯ ಟ್ರಸ್ಟಿನಲ್ಲೂ ಅವರೇ ಇರುವುದರಿಂದ ಯಾರೂ ಮಾತಾಡಲಿಲ್ಲ. ಮುಖ್ಯ ಅತಿಥಿ ದುಬೈಯಿಂದ ಬರಬೇಕಿತ್ತು. ದಸರೆಗೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಯಂತ್ರ ವಾರ್ಡಿನ ಮೂಲೆಯಲ್ಲೇ ನಿಂತಿತು. ಆಯಾಗಳು ಅದರ ಮೇಲೆ ದಿಂಬಿನ ಕವರು ಒಣಗಿಸುತ್ತಿದ್ದರು.

ನಿನಗೆ ಹೇಳಿದ್ದು, ನ್ಯುಮೋನಿಯಾ ಹೆಚ್ಚಾಗಿ ಹಾರ್ಟ್ ನಿಂತಿತು ಎಂದಷ್ಟೇ. ಆ ಬೆಳಿಗ್ಗೆ ಡಾಕ್ಟರು ಬಂದು, ಎದೆಯ ಎಕ್ಸ್‌ರೇ ಬೇಕು, ಇವರನ್ನು ಕದಲಿಸದೆ ಇಲ್ಲೇ ತೆಗೆಸಿ ಎಂದು ಹೇಳಿ ಹೋದರು. ನರ್ಸ್ ಜಯಲತಾ ಸಿಸ್ಟರ್ ಬಿಜಾಪುರದ ಕಡೆಯವರು, ಬೆಡ್‌ಶೀಟ್ ಎಳೆದೇಬಿಟ್ಟರು. ಅಧ್ಯಕ್ಷರನ್ನು ಕೇಳದೆ ಮುಟ್ಟುವುದಿಲ್ಲ ಎಂದು ವಾರ್ಡ್‌ಬಾಯ್ ಹಿಂದೆ ಸರಿದ. ಸಿಸ್ಟರ್ ಅಲ್ಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಸಾಹೇಬ್ರ, ಪೇಶಂಟ್ ಭಾಳ ಸೀರಿಯಸ್ ಅದಾರ್ರೀ. ರಿಬ್ಬನ್ ಬಿಚ್ತೀನಿ, ಕೆಲಸ ಆದ ಮ್ಯಾಲೆ ನಾನೇ ಮತ್ತ ಗಂಟು ಹಾಕಿ ಕೊಡ್ತೀನಿ."

"ಗಂಟಿನ ಪ್ರಶ್ನೆ ಅಲ್ಲ ಸಿಸ್ಟರ್. ನಾವು ಹೋಟೆಲಿನವರು, ಬೋಣಿ ಒಳ್ಳೇದಾಗ್ಬೇಕು. ಸೀರಿಯಸ್ ಪೇಶಂಟಿಂದ ಬೋಣಿ ಮಾಡಿ, ನಾಳೆ ಅವ ಹೋದ್ರೆ? ಕೆಳಗೆ ಎಕ್ಸ್‌ರೇ ರೂಮ್ ಉಂಟಲ್ಲ."

ದಿನದ ಮೊದಲ ಗಿರಾಕಿಯ ಮುಖ ನೋಡಿ ಲಾಭ ನಷ್ಟ ಎಣಿಸುವ ಜನ, ರೋಗಿಯನ್ನೂ ಗಿರಾಕಿಯ ಹಾಗೆ ನೋಡಿದರು.

ಲಿಫ್ಟಿನಲ್ಲಿ ಊಟದ ಗಾಡಿ ಇತ್ತು, ಕಾದೆವು. ಕೆಳಗೆ ಎಕ್ಸ್‌ರೇ ರೂಮಿನ ಹೊರಗೆ ಸಾಲು. ಟ್ರಾಲಿಗೆ ಕಟ್ಟಿದ್ದ ಸಣ್ಣ ಸಿಲಿಂಡರ್ ಆ ಸಾಲಿನಲ್ಲೇ ಖಾಲಿಯಾಯಿತು. ಸಿಸ್ಟರ್ ಇನ್ನೊಂದು ತರಲು ಓಡಿದರು. ಅವರು ಬರುವಷ್ಟರಲ್ಲಿ ಅಪ್ಪನ ಉಗುರು ನೀಲಿಯಾಗಿತ್ತು. ಎಕ್ಸ್‌ರೇ ತೆಗೆಯುವ ಪ್ರಶ್ನೆಯೇ ಉಳಿಯಲಿಲ್ಲ. ಮೇಲೇ ಇದ್ದಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದು ಡಾಕ್ಟರು ಆಮೇಲೆ ಅಂದರು. ಇರಬಹುದು. ಆದರೆ ಸಾಲಿನಲ್ಲಿ ಉಸಿರು ಕಟ್ಟಿ ಸಾಯುತ್ತಿರಲಿಲ್ಲ.

ಈಗ ದುಬೈಯವರು ಬರುತ್ತಾರಂತೆ. ಈ ಭಾನುವಾರ ಹನ್ನೊಂದಕ್ಕೆ ಉದ್ಘಾಟನೆ. ಅಧ್ಯಕ್ಷರು ಸೇಬು ಹಿಡಿದುಕೊಂಡು ಮನೆಗೆ ಬಂದಿದ್ದರು. ಪೂವಪ್ಪಣ್ಣನ ಮಗನೇ ಕತ್ತರಿಯ ಹರಿವಾಣ ಹಿಡಿದರೆ ಅವರ ಆತ್ಮಕ್ಕೆ ಸಂತೋಷ ಎಂದರು. ನೀನು ಹೂಂ ಅಂದಿದ್ದೀಯಂತೆ. ನಿನ್ನ ಕೆಲಸ ಅವರ ಶಿಫಾರಸಿನದು, ನನಗೆ ಗೊತ್ತಿಲ್ಲದ್ದಲ್ಲ. ಆದರೆ ನೀನು ಆ ಹರಿವಾಣ ಹಿಡಿದರೆ ಎಲ್ಲ ಮುಗಿಯಿತು. ಮಗನೇ ನಿಂತಿದ್ದನಲ್ಲ ಎಂದು ಇಡೀ ಠಾಣೆಯಲ್ಲಿ ಹೇಳುತ್ತಾರೆ.

ಸ್ಟೇಷನ್ ಸೇತುವೆಯ ಮೇಲೆ ಮಾರುವ ಕಾರ್ಮಿಕ ಹೋರಾಟದ ಕಿರುಹೊತ್ತಗೆ ಓದಿ ನಾನು ಕೆಟ್ಟೆ ಎನ್ನುತ್ತೀ. ಓದಿದ್ದೇನೆ, ಇನ್ನೂ ಓದುತ್ತೇನೆ. ಅವುಗಳಲ್ಲಿ ಧಣಿಗಳ ಬಗ್ಗೆ ಎಷ್ಟೋ ಇದೆ, ಬೋಣಿಯ ಬಗ್ಗೆ ಒಂದು ಸಾಲೂ ಇಲ್ಲ.

ನಾನು ಭಾಷಣ ಮಾಡುವುದಿಲ್ಲ. ಅಪ್ಪನ ಹಾಸಿಗೆಯಲ್ಲಿ ಈಗ ದಮಯಂತಿ ಎಂಬ ಅಜ್ಜಿ ಮಲಗಿದ್ದಾಳೆ. ಸೊಂಟದ ಮೂಳೆ ಮುರಿದಿರಬೇಕು, ಹೊರಳಿಸಿದರೆ ಕಿರುಚುತ್ತಾಳೆ. ಅವಳ ಎಕ್ಸ್‌ರೇಯನ್ನೂ ಉದ್ಘಾಟನೆ ಆಗಲಿ ಎಂದು ಮುಂದಕ್ಕೆ ಹಾಕಿದ್ದಾರೆ. ಅತಿಥಿ ಬರುವ ಮೊದಲೇ ನಾವು ಯಂತ್ರವನ್ನು ಅವಳ ಪಕ್ಕಕ್ಕೆ ತಳ್ಳೋಣ. ಜಯಲತಾ ಸಿಸ್ಟರ್ ಇರುತ್ತಾರೆ, ಟೆಕ್ನಿಷಿಯನ್ನನನ್ನೂ ಒಪ್ಪಿಸಿದ್ದಾರೆ. ಕತ್ತರಿ ಬೇಡ, ಗಂಟು ಕೈಯಲ್ಲೇ ಬಿಚ್ಚುತ್ತದೆ.

ಅತ್ತಿಗೆಗೆ ನನ್ನ ನೆನಪು ಹೇಳು. ಪ್ರಣೀತಾಳ ತಲೆ ಸವರಿ, ಅತ್ತೆ ನೂರು ವರ್ಷ ಬಾಳು ಅಂದಳೆಂದು ಹೇಳು.

ನಿನ್ನ ತಂಗಿ,
ಸೌಜನ್ಯ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಉಳಿಸಿಕೊಂಡದ್ದು: ಅಧ್ಯಕ್ಷರು ಫೋನ್ ಇಟ್ಟ ಮೇಲೂ ಸಿಸ್ಟರ್ ನನಗೆ "ಬಿಚ್ಚವಾ ನೀನು, ಆದದ್ದಾಗ್ಲಿ" ಎಂದಿದ್ದರು. ನಾನು ರಿಬ್ಬನ್ನಿಗೆ ಕೈ ಹಾಕಿದ್ದೆ. ಅಪ್ಪ ಮಾಸ್ಕ್ ಸರಿಸಿ ಕರೆದರು. "ಬೊಡ್ಚಿ ಮಗಾ" ಎಂದರು, ಮನೆಯಲ್ಲಿ ಇನ್ನೊಂದು ದೋಸೆ ಬೇಡ ಎನ್ನುವ ಹಾಗೆ. "ನನ್ನಿಂದ ಬೋಣಿ ಬೇಡ. ಅಷ್ಟು ಜನ ಸೇರಿ ತಂದದ್ದು ಅದು." ನಾನು ಕೈ ತೆಗೆದೆ. ಆಮೇಲೆ ಅವರು ಮಾತಾಡಲಿಲ್ಲ. ಅಧ್ಯಕ್ಷರ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗಬಲ್ಲೆ ಅಣ್ಣ, ಅಪ್ಪನ ಈ ಮಾತಿಗೆ ಯಾರ ಮೇಲೆ ಸಿಟ್ಟಾಗಲಿ? ಆ ಗಂಟಿಗೆ ಮತ್ತೆ ಕೈ ಹಾಕಲು ನನ್ನೊಬ್ಬಳಿಂದ ಆಗುವುದಿಲ್ಲ. ವಾಶಿಯಲ್ಲಿ ರೈಲು ಬದಲಿಸಿ ಬಾ. ಡಿಸೆಂಬರ್ 18, ಭಾನುವಾರ, ಬೆಳಿಗ್ಗೆ ಒಂಬತ್ತೂವರೆ, ಆಸ್ಪತ್ರೆಯ ಗೇಟಿನಲ್ಲಿ.