ಬಿಸಿಲಿನ ಸೀನು

ಅಡುಗೆಮನೆಯ ಮೇಜು,
ಮಾರ್ಚ್ ೯, ಭಾನುವಾರ

ವಿಜ್ಞಾನಲೋಕದ ಧ್ರುವತಾರೆಯೂ ನನಗಿರುವ ಒಬ್ಬಳೇ ಅಕ್ಕನೂ ಆದ ನಿನಗೆ, ತಮ್ಮನ ಸಾಷ್ಟಾಂಗ ನಮಸ್ಕಾರ.

ಆರೋಗ್ಯ ತಾನೆ? ಪದಕದ ಭಾರಕ್ಕೆ ಕತ್ತು ನೋಯುತ್ತಿಲ್ಲವಷ್ಟೆ? ಅಮ್ಮ ಚೆನ್ನಾಗಿದ್ದಾಳೆ. ಟೀವಿಯಲ್ಲಿ ನಿನ್ನ ಭಾಷಣ ಕೇಳಿ, ಎಲ್ಲ ಅರ್ಥವಾದವಳಂತೆ ತಲೆದೂಗಿದಳು. ‘ಈ ಹಂದಿಮರಿಗಳಲ್ಲಿ ಮೂತ್ರಪಿಂಡ ಮಾತ್ರ ಮನುಷ್ಯನದು, ಉಳಿದದ್ದೆಲ್ಲ ಹಂದಿಯದೇ’ ಎಂದೆಯಲ್ಲ, ಆಗ ಮೊದಲು ಚಪ್ಪಾಳೆ ತಟ್ಟಿದವನು ನಾನೇ.

ಅಷ್ಟಕ್ಕೆ ತೃಪ್ತಿಯಾಗದೆ, ಮರಿಗಳಿಗೆಲ್ಲ ಕಾಗದದ ಪದವಿ ಟೋಪಿ ತೊಡಿಸಿ ಗ್ರೂಪ್ ಫೋಟೋ ತೆಗೆದು ನಿನಗೆ ಅರ್ಪಿಸಬೇಕೆಂದು ನಿನ್ನೆ ನಿನ್ನ ಪ್ರಯೋಗಾಲಯಕ್ಕೆ ದಯಮಾಡಿಸಿದೆ. ಕಾವಲುಗಾರ ‘ಡಾಕ್ಟರಮ್ಮನ ತಮ್ಮ ಅಲ್ವೇನಪ್ಪಾ, ಹೋಗು ಹೋಗು. ಅವರು ಬಂದ ತಕ್ಷಣ ಇವನ್ನ ಕೊಯ್ತಾರಂತೆ, ಈಗ್ಲೇ ನೋಡ್ಕೋ’ ಎಂದು ಬಾಗಿಲು ತೆಗೆದ. ಒಂದು ಮರಿ ತನ್ನ ಟೋಪಿಯನ್ನು ತಿಂದು ಡಾಕ್ಟರೇಟ್ ಮುಗಿಸಿತು. ಫೋಟೋಗೆ ಬೆಳಕು ಸಾಲದೆಂದು ಕಿಟಕಿಯ ಪರದೆ ಸರಿಸಿದೆ. ಬಿಸಿಲು ಬಿದ್ದದ್ದೇ ತಡ, ಮರಿಗಳು ಸೀನತೊಡಗಿದವು. ಎರಡು ಚಿಕ್ಕದು, ತುಸು ತಡೆದು, ಒಂದು ದೊಡ್ಡದು. ನಾನೂ ಸೀನಿದೆ. ಅದೇ ತಾಳ.

ಬಿಸಿಲು ಕಂಡರೆ ಹಾಗೆ ಸೀನುವುದು ಅಪ್ಪನ ಆಸ್ತಿ, ಅಕ್ಕಾ. ನಿನಗೆ ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಾನೊಬ್ಬನೇ ವಾರಸುದಾರನೆಂದು ಮೆರೆಯುತ್ತಿದ್ದೆ. ಈಗ ಕೋಣೆ ತುಂಬ ಪಾಲುದಾರರು! ‘ಬಾಯಿ ತೆಗಿಯೋ, ಹಲ್ಲು ಹುಳುಕಾಗಿದ್ಯಾ ನೋಡ್ತೀನಿ’ ಎಂದು ನನ್ನ ಕೆನ್ನೆಯೊಳಗೆ ನೀನು ಹತ್ತಿ ಉಜ್ಜಿದ್ದು ಆಗ ನೆನಪಾಯಿತು. ತಮಾಷೆಗೆ ನಿನ್ನ ಬೆರಳು ಕಚ್ಚಿದ್ದೆ. ಆ ಹತ್ತಿಗೆ ಅಂಟಿಕೊಂಡು ಹೋದದ್ದು ನನ್ನ ಜೀವಕೋಶ; ಸರಿಯಾಗಿಯೇ ಕಚ್ಚಬೇಕಿತ್ತು. ಸೀನು ಹುಟ್ಟುವುದು ಮಿದುಳಿನ ಅಪ್ಪಣೆಯಿಂದ ಎಂದು ಪಾಠ ಹೇಳಿಕೊಟ್ಟವಳೇ ನೀನು. ಹಾಗಾದರೆ ಅವುಗಳ ತಲೆಯೊಳಗೆ ನಾನೆಷ್ಟಿದ್ದೇನೆ? ಊರನ್ನೆಲ್ಲ ಏಮಾರಿಸುವವನು ನಾನೆಂಬ ಜಂಬವಿತ್ತು. ಗುರು ಮನೆಯಲ್ಲೇ ಇದ್ದಳು. ಮೂತ್ರಪಿಂಡಕ್ಕೆ ಎಂದು ಕೇಳಿದ್ದರೆ ಖುಷಿಯಾಗಿ ಬಾಯಿ ತೆರೆಯುತ್ತಿದ್ದೆ. ತಲೆಗೆ ಮಾತ್ರ ಬೇಡ ಎನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ, ಅಲ್ಲವಾ?

ನಿನ್ನ ಪದಕಕ್ಕೆ ತುಕ್ಕು ಹಿಡಿಯದಿರಲೆಂದು ಹಾರೈಸುವ,
ನಿನ್ನ ಕಚ್ಚಾ ಸಾಮಗ್ರಿ

ಮರೆತಿದ್ದೆ: ಟೋಪಿ ತಿಂದವನನ್ನು ಅಂಗಿಯೊಳಗೆ ಅಡಗಿಸಿ ಮನೆಗೆ ತಂದಿದ್ದೇನೆ. ಅವನನ್ನು ಕೊಡುವುದಿಲ್ಲ. ಇವತ್ತು ಬೆಳಿಗ್ಗೆ ಹಿತ್ತಿಲ ಬಿಸಿಲಿಗೆ ಅವನು ಸೀನಿದ. ತರಕಾರಿ ಹೆಚ್ಚುತ್ತಿದ್ದ ಅಮ್ಮ ತಲೆಯೆತ್ತದೆ, ಅಪ್ಪನಿಗೆ ಹೇಳುತ್ತಿದ್ದ ಧಾಟಿಯಲ್ಲೇ, ‘ಬಂದ್ರಾ? ಚಪ್ಪಲಿ ಹೊರಗೇ ಬಿಡಿ’ ಎಂದಳು. ನಾನು ಅವಳೆದುರಿಗೇ ಕೂತಿದ್ದೆ. ಆಮೇಲೆ ಅವಳ ಕತ್ತಿಯ ಸದ್ದು ನಿಂತುಹೋಯಿತು. ನಾನೇನೂ ಹೇಳಿಲ್ಲ. ನೀನೇ ಬಂದು ಹೇಳು.