ತೊಳೆಯದ ಸಿಪ್ಪೆ

ಅಪ್ಪನಿಗೆ ಮಗಳ ನಮಸ್ಕಾರ.

ಗೆದ್ದೆವು ಅಪ್ಪಾ! ನಿಮ್ಮ ಜ್ಯೂಸ್ ಅಂಗಡಿಯ ದಾಳಿಂಬೆ ಸಿಪ್ಪೆಯನ್ನು ಕುದಿಸಿ, ಆ ಕಷಾಯಕ್ಕೆ ಕಬ್ಬಿಣದ ಲವಣ ಬೆರೆಸಿ ಕಪ್ಪು ಪುಡಿ ಮಾಡಿದೆ. ಅದರ ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ಸಣ್ಣದು. ಹಲವು ಪ್ರೋಟೀನುಗಳಿದ್ದ ದ್ರವಕ್ಕೆ ಆ ಪುಡಿ ಹಾಕಿ, ಕೊಳವೆಯ ಪಕ್ಕ ಅಯಸ್ಕಾಂತ ಹಿಡಿದೆ. ಪುಡಿಯೆಲ್ಲ ಓಡಿಬಂದು ಗಾಜಿಗೆ ಅಂಟಿಕೊಂಡಿತು. ಪರೀಕ್ಷಿಸಿದರೆ, ಅದು ಹಿಡಿದು ತಂದದ್ದು ನಮಗೆ ಬೇಕಾದ ಒಂದೇ ಪ್ರೋಟೀನನ್ನು! ಸಿಡುಕುಮೋರೆಯ ನಮ್ಮ ಲ್ಯಾಬಿನ ಮೇಡಂ ಕೂಡ ಚಪ್ಪಾಳೆ ತಟ್ಟಿದರು.

ಇಷ್ಟು ದಿನ ಈ ಪ್ರಯೋಗ ಯಾಕೆ ಕೈಕೊಡುತ್ತಿತ್ತು ಗೊತ್ತೇ? ಈ ಸಲ ನಿಮಗೆ ಜ್ವರವೆಂದು ಸಿಪ್ಪೆ ತಂದವಳು ಅಮ್ಮ. ಕೇಳಿದ್ದಕ್ಕೆ ಬಾಯಿಬಿಟ್ಟಳು: "ನಿಮ್ಮಪ್ಪ ಆದ್ರೆ ಬಿಸಿನೀರಲ್ಲಿ ನೆನೆಹಾಕಿ, ತಿಕ್ಕಿ ತೊಳೆದು ಕಳಿಸ್ತಾರೆ. ಮಗಳ ಮರ್ಯಾದೆ ಹೋಗಬಾರದಂತೆ! ನನಗೆಲ್ಲಿದೆ ಅಷ್ಟು ಪುರುಸೊತ್ತು? ಹಾಗೇ ತುಂಬ್ಕೊಂಡು ಬಂದೆ."

ನಮಗೆ ಬೇಕಾದ ಸತ್ವವನ್ನೆಲ್ಲ ನೀವು ಅಕ್ಕರೆಯಿಂದ ಚರಂಡಿಗೆ ಚೆಲ್ಲುತ್ತಿದ್ದಿರಿ!

ಜ್ವರ ಬಿಟ್ಟಿತೇ? ಮಾತ್ರೆ ತಪ್ಪಿಸಬೇಡಿ. ಹುಷಾರಾದ ಮೇಲೆ ಇನ್ನೊಂದು ಚೀಲ ಕಳಿಸಿ, ತೊಳೆಯದೆ.

ಪುಡಿಯ ಬಾಟಲಿಗೆ ನಿಮ್ಮ ಅಂಗಡಿಯ ಹೆಸರನ್ನೇ ಬರೆದು ಅಂಟಿಸಿದ್ದೇನೆ. ಮರ್ಯಾದೆ ಎಲ್ಲಿಗೂ ಹೋಗಿಲ್ಲ ಅಪ್ಪಾ, ಮೇಡಂ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತಿದೆ.

ಇತಿ,
ಕಸ ಬೇಡುವ ನಿಮ್ಮ ಮಗಳು